ಸ್ಕಾರ್ಲೆಟ್ ಜ್ವರ ಇಳಿದ ಮೇಲೆ

ನಾನು ಕೆಲಸ ಮಾಡಿದ ಆಸ್ಪತ್ರೆಗೆ ಹೊಸದಾಗಿ ಸೇರಿರುವ ಮಕ್ಕಳ ವೈದ್ಯೆಯರಿಬ್ಬರು ಈಚೆಗೆ ನಮ್ಮ ಫ್ಲಾಟಿಗೆ ಬಂದಿದ್ದರು. ಕಾಫಿ ಕುಡಿದು, ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ನೋಡಿ, ನಿಮ್ಮ ಅನುಭವವನ್ನು ಬರೆದುಕೊಡಿ ಮೇಡಂ, ಪುಸ್ತಕದಲ್ಲಿ ಇಲ್ಲದ್ದನ್ನು ಬರೆಯಿರಿ ಎಂದರು. ಪುಸ್ತಕದಲ್ಲಿ ಇಲ್ಲದ್ದು ಎಂದರೆ ನನ್ನ ಹತ್ತಿರ ಇರುವುದು ಹೊಟ್ಟೆಕಿಚ್ಚು ಮಾತ್ರ ಎಂದೆ. ಇಬ್ಬರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ವೃತ್ತಿಯ ಬಹುಪಾಲು ವರ್ಷಗಳನ್ನು ಒಬ್ಬ ಸಹೋದ್ಯೋಗಿಯ ಮೇಲಿನ ಅಸೂಯೆಯಲ್ಲಿ ಕಳೆದವಳು ನಾನು. ಅವಳ ಹೆಸರು ಹೇಳದೆ ನನ್ನ ಕೆಲಸದ ಬಗ್ಗೆ ಒಂದು ಪುಟವನ್ನೂ ಬರೆಯಲಾರೆ.

ಪೀಣ್ಯದ ಕಾರ್ಖಾನೆಗಳ ನಡುವೆ ಇದ್ದ ನಮ್ಮ ಆಸ್ಪತ್ರೆ ಕಾರ್ಮಿಕರ ಕುಟುಂಬಗಳಿಗಾಗಿಯೇ ನಡೆಯುತ್ತಿತ್ತು. ಮಕ್ಕಳ ಓಪಿಡಿಗೆ ಎದುರುಬದುರಾಗಿ ಎರಡು ಕೋಣೆಗಳು. ಒಂದರಲ್ಲಿ ನಾನು, ಡಾಕ್ಟರ್ ಗಿರಿಜಾ. ಇನ್ನೊಂದರಲ್ಲಿ ಡಾಕ್ಟರ್ ವಿಮಲಾ. ನಾನು ದಾವಣಗೆರೆಯ ಮೇಷ್ಟರ ಮಗಳು. ಎದೆಯ ಶಬ್ದ ಗುರುತಿಸುವುದರಲ್ಲಿ ನಮ್ಮ ಬ್ಯಾಚಿನಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಹೃದಯದ ಬಡಿತದ ನಡುವೆ ಕೇಳುವ ಅಸಹಜ ಸದ್ದು, ಮರ್ಮರ್, ಕಷ್ಟದ್ದು ಬಂದರೆ ನಮ್ಮ ಪ್ರೊಫೆಸರು ಉಳಿದವರನ್ನು ಬಿಟ್ಟು ನನ್ನನ್ನೇ ಕರೆಯುತ್ತಿದ್ದರು. ವಿಮಲಾ ಆನೇಕಲ್ ಕಡೆಯ ಹಳ್ಳಿಯವಳು. ನನಗಿಂತ ಎರಡು ವರ್ಷ ಚಿಕ್ಕವಳು, ನನ್ನ ನಂತರ ಸೇರಿದವಳು. ಮೊದಲ ದಿನವೇ ನನ್ನನ್ನು ಗಿರಿಜಕ್ಕ ಎಂದು ಕರೆದಳು. ಡಾಕ್ಟರ್ ಎಂದು ಕರೆಯಬಾರದೆ ಎಂದು ನನಗೆ ಆಗಲೇ ಕಿರಿಕಿರಿಯಾಗಿತ್ತು.

ಚೀಟಿ ಕೊಡುವವನು ಯಾರು ಯಾವ ಕೋಣೆಗೆ ಎಂದು ಹೇಳುತ್ತಿರಲಿಲ್ಲ. ತಾಯಂದಿರು ತಾವೇ ಆರಿಸಿಕೊಳ್ಳುತ್ತಿದ್ದರು. ಅವಳು ಸೇರಿ ಮೂರು ತಿಂಗಳಾಗುವಷ್ಟರಲ್ಲಿ ಅವಳ ಬಾಗಿಲ ಮುಂದೆ ಜನ ಗೋಡೆಗೆ ಒರಗಿ ನಿಂತಿರುತ್ತಿದ್ದರು, ನನ್ನ ಕೋಣೆಯಲ್ಲಿ ಫ್ಯಾನಿನ ಸದ್ದು ಕೇಳಿಸುತ್ತಿತ್ತು. ನಾನು ಹೊರಗೆ ಬಂದು, ಈ ಕಡೆ ಖಾಲಿ ಇದೆ, ಬನ್ನಿ ಎಂದರೆ, ಇರ‍್ಲಿ ಮೇಡಂ, ಕಾಯ್ತೀವಿ ಎನ್ನುತ್ತಿದ್ದರು. ಅದರಲ್ಲೂ ಯಾದಗಿರಿ, ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದು ಪಕ್ಕದ ಲಗ್ಗೆರೆಯ ಒಂಟಿಕೋಣೆಗಳಲ್ಲಿ ಬಾಡಿಗೆಗಿದ್ದವರು ಹಾಗೆ ಅಂದಾಗ ಹೊಟ್ಟೆಯಲ್ಲಿ ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಅವರ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು, ರೊಟ್ಟಿ ತಿಂದು ಬೆಳೆದವಳು ನಾನು. ಅಂಗೆ ಇಂಗೆ ಎಂದು ಆನೇಕಲ್ ಮಾತಾಡುವ ಇವಳಲ್ಲಿ ಅವರಿಗೆ ಏನು ಕಂಡಿತು?

ಸ್ಕಾರ್ಲೆಟ್ ಜ್ವರದ ವಿಷಯಕ್ಕೆ ಬರುತ್ತೇನೆ. ನಮ್ಮಿಬ್ಬರ ನಡುವಿನದೆಲ್ಲ ಆ ಒಂದು ಕಾಯಿಲೆಯ ಸುತ್ತಲೇ ನಡೆದದ್ದು.

ಲೋಹ ಉಜ್ಜಿ ಹೊಳಪು ಕೊಡುವ ಬಫಿಂಗ್ ಕೆಲಸ ಮಾಡುವ ಒಬ್ಬ ತನ್ನ ಆರು ವರ್ಷದ ಮಗನನ್ನು ಕರೆತಂದಿದ್ದ. ಹುಡುಗನಿಗೆ ಜ್ವರ, ಗಂಟಲು ನೋವು, ಮೈತುಂಬ ಕೆಂಪು. ಮನೆಯಲ್ಲಿ ಅಮ್ಮ ಆಗಿದೆ ಎಂದುಕೊಂಡು ಬೇವಿನ ಸೊಪ್ಪು ಕಟ್ಟಿದ್ದರು. ನಮ್ಮ ಸೂಪರಿಂಟೆಂಡೆಂಟ್ ಆ ದಾರಿಯಲ್ಲಿ ಹೋಗುತ್ತಿದ್ದವರು ಒಳಗೆ ಇಣುಕಿ, ದಡಾರ ಅಲ್ಲವೇನ್ರೀ, ಕಳಿಸಿ ಎಂದರು. ಅವರು ಮೂಲತಃ ಮೂಳೆ ವೈದ್ಯರು, ಮಕ್ಕಳ ಮೈಮೇಲಿನ ಕೆಂಪೆಲ್ಲ ಅವರಿಗೆ ದಡಾರವೇ. ನಾನು ಹುಡುಗನ ಹೊಟ್ಟೆಯ ಮೇಲೆ ಅಂಗೈ ಆಡಿಸಿದೆ. ಚರ್ಮ ತರಿತರಿ. ಬಾಯಿ ತೆರೆಸಿದರೆ ನಾಲಿಗೆ ಹಣ್ಣಾದ ಹಿಪ್ಪುನೇರಳೆಯಂತೆ ಕೆಂಪಗೆ ಗುಳ್ಳೆಗುಳ್ಳೆಯಾಗಿತ್ತು. ತುಟಿಯ ಸುತ್ತ ಮಾತ್ರ ಬಿಳಿಚಿಕೊಂಡಿತ್ತು. ತಂದೆಯ ಕೈಯನ್ನು ಮಗನ ಹೊಟ್ಟೆಯ ಮೇಲಿಡಿಸಿ ಹೇಗಿದೆ ಎಂದೆ. ಎಮರಿ ಕಾಗದ ಮುಟ್ಟಿದಂಗೈತೆ ಎಂದ. ಸ್ಕಾರ್ಲೆಟ್ ಜ್ವರಕ್ಕೆ ಪುಸ್ತಕವೂ ಅದನ್ನೇ ಹೇಳುತ್ತದೆ.

ಇದು ಗಂಟಲಿನ ಸೋಂಕು, ಆ ರೋಗಾಣುವಿನ ವಿಷದಿಂದ ಮೈ ಕೆಂಪಾಗುತ್ತದೆ, ಪೆನಿಸಿಲಿನ್ ಮಾತ್ರೆಯನ್ನು ಹತ್ತು ದಿನ ತಪ್ಪದೆ ಕೊಡಬೇಕು ಎಂದು ಹೇಳಿ ಕಳಿಸಿದೆ. ಸೂಪರಿಂಟೆಂಡೆಂಟರಿಗೂ ವಿವರಿಸಿದೆ. ಅವರು ಆ ವಾರದ ಮೀಟಿಂಗಿನಲ್ಲಿ ನನ್ನನ್ನು ಹೊಗಳಿದರು. ವಿಮಲಾಗಿಂತ ನನ್ನ ಕಣ್ಣು ಚುರುಕು ಎಂದು ಎಲ್ಲರಿಗೂ ಗೊತ್ತಾಯಿತಲ್ಲ ಎಂದು ನಾನು ಹಿಗ್ಗಿದೆ.

ಹಿಗ್ಗು ಮೂರು ವಾರ ಉಳಿಯಿತು. ಒಂದು ಬೆಳಿಗ್ಗೆ ವಿಮಲಾಳ ಕೋಣೆಯಿಂದ ಅದೇ ಹುಡುಗನನ್ನು ಸ್ಟ್ರೆಚರಿನಲ್ಲಿ ವಾರ್ಡಿಗೆ ಒಯ್ಯುತ್ತಿದ್ದರು. ಕಣ್ಣು ತೆರೆಯಲಾಗದಷ್ಟು ಮುಖ ಊದಿಕೊಂಡಿತ್ತು. ಜ್ವರ ಇಳಿದು, ಮೈ ತಿಳಿಯಾಗಿ, ಬೆರಳ ತುದಿಯ ಸಿಪ್ಪೆ ಸುಲಿದು, ಹುಡುಗ ಶಾಲೆಗೂ ಹೋಗುತ್ತಿದ್ದನಂತೆ. ಈ ಸಲ ಅವನ ತಾಯಿ ನೇರ ವಿಮಲಾಳ ಬಾಗಿಲಿಗೆ ಹೋಗಿದ್ದಳು. ನಿದ್ದೆಗಣ್ಣಿನ ಊತ ಇರಬೇಕು ಎಂದು ತಾಯಿ ಅಂದಾಗ ವಿಮಲಾ, ಉಚ್ಚೆ ಯಾವ ಬಣ್ಣ ಬತ್ತೈತವ್ವ ಎಂದು ಕೇಳಿದ್ದಾಳೆ. ಕಾಫಿ ಡಿಕಾಕ್ಷನ್ ಥರ ಎಂದು ತಾಯಿ ಹೇಳಿದ್ದಾಳೆ. ಸ್ಕಾರ್ಲೆಟ್ ಜ್ವರದ ನಂತರ ಮೂತ್ರಪಿಂಡಕ್ಕೆ ಬರುವ ಉರಿಯೂತ ಅದು. ರಕ್ತದೊತ್ತಡ ಏರಿತ್ತು. ಇನ್ನೆರಡು ದಿನ ಮನೆಯಲ್ಲೇ ಬಿಟ್ಟಿದ್ದರೆ ಹುಡುಗನಿಗೆ ಫಿಟ್ಸ್ ಬರಬಹುದಿತ್ತು.

ಹುಡುಗ ಗುಣವಾದ. ಈ ತೊಂದರೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಆದರೆ ಸೂಪರಿಂಟೆಂಡೆಂಟರು ನನ್ನನ್ನು ಕರೆದು, ಜ್ವರ ಇಳಿದ ಮೇಲೆ ಮೂತ್ರದ ಬಣ್ಣ ನೋಡಿ ಎಂದು ಆ ತಾಯಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಮನೆಯವರು ನಾಲ್ಕನೇ ದಿನಕ್ಕೆ ಮಾತ್ರೆ ನಿಲ್ಲಿಸಿದ್ದರು ಎಂದೆ. ಪೂರ್ತಿ ಮಾತ್ರೆ ನುಂಗಿದ್ದರೂ ಮೂತ್ರಪಿಂಡದ ಈ ತೊಂದರೆ ಕೆಲವರಿಗೆ ಬರುತ್ತದೆ, ಅದು ತಪ್ಪಿಸಲಾಗದ್ದು ಎಂದೂ ಸೇರಿಸಿದೆ. ಎರಡೂ ನಿಜ. ಅವರು, ತಪ್ಪಿಸಲಾಗದ್ದು ಎಂದೇ ಕೇಳಿದ್ದು, ತಾಯಿಗೆ ಮೊದಲೇ ಹೇಳಬೇಕಿತ್ತಲ್ಲವಾ ಎಂದರು. ಆ ವಾರದ ಮೀಟಿಂಗಿನಲ್ಲಿ ಹೊಗಳಿಕೆ ವಿಮಲಾಗೆ ಹೋಯಿತು. ಕಾಯಿಲೆ ಕಂಡುಹಿಡಿದವಳು ನಾನು. ಅವಳು ಕೇಳಿದ್ದು ಉಚ್ಚೆಯ ಬಣ್ಣ.

ಅಂದಿನಿಂದ ಗಂಟಲು ನೋವಿನ ಪ್ರತಿ ಮಗುವಿನ ತಾಯಿಗೂ ನಾನು ಮೂತ್ರ, ಮುಖದ ಊತ, ಕೀಲುನೋವು, ಕಿವಿ ಸೋರುವುದು, ಎಲ್ಲವನ್ನೂ ಹೇಳತೊಡಗಿದೆ. ವಿಮಲಾ ತಾಯಂದಿರಿಗೆ ಖಾಲಿಯಾದ ಮಾತ್ರೆಯ ಶೀಟನ್ನು ವಾಪಸ್ ತಂದು ತೋರಿಸಲು ಹೇಳುತ್ತಿದ್ದಳು. ಒಳ್ಳೆಯ ಉಪಾಯ, ಮಾತ್ರೆ ಮುಗಿಸಿದರೋ ಇಲ್ಲವೋ ತಕ್ಷಣ ಗೊತ್ತಾಗುತ್ತಿತ್ತು. ಅವಳದೆಂಬ ಒಂದೇ ಕಾರಣಕ್ಕೆ ಬಹಳ ಕಾಲ ನಾನು ಅದನ್ನು ಬಳಸಲಿಲ್ಲ. ನೀವು ಬಳಸಿ.

ಭಾಗ್ಯ ಬಂದದ್ದು ಇದಾದ ಕೆಲವು ವರ್ಷಗಳ ಮೇಲೆ. ಎಂಟು ವರ್ಷದ ಹುಡುಗಿ, ಎರಡು ಜಡೆ, ಮಾತು ಕಡಿಮೆ. ಅವಳ ತಾಯಿ ಮಲ್ಲಮ್ಮ ಯಾದಗಿರಿ ಕಡೆಯವಳು, ಗಂಡನನ್ನು ಕಳೆದುಕೊಂಡು ಮಗಳೊಂದಿಗೆ ಬಂದು ಗಾರ್ಮೆಂಟ್ಸಿಗೆ ಸೇರಿದವಳು. ಅವರು ವಿಮಲಾಳ ರೋಗಿಗಳು. ಭಾಗ್ಯಳಿಗೆ ಸ್ಕಾರ್ಲೆಟ್ ಜ್ವರ ಬಂದಾಗ ವಿಮಲಾಳೇ ನೋಡಿ ಮಾತ್ರೆ ಕೊಟ್ಟಿದ್ದಳು. ಅವರು ತಡವಾಗಿ ಬಂದಿದ್ದರು, ಗಂಟಲು ನೋವು ಶುರುವಾಗಿ ಎರಡು ವಾರವೇ ಆಗಿತ್ತೇನೋ. ಅಷ್ಟು ತಡವಾದರೆ ಮಾತ್ರೆಯಿಂದ ಪೂರ್ತಿ ರಕ್ಷಣೆ ಸಿಗುವುದಿಲ್ಲ. ಆಮೇಲೆ ಹುಡುಗಿ ಮೊಣಕಾಲು ನೋವು ಎಂದಳು. ಬೆಳೆಯುವ ಮಕ್ಕಳಿಗೆ ಬರುವ ನೋವು ಎಂದು ವಿಮಲಾ ಎಣ್ಣೆ ತಿಕ್ಕಲು ಹೇಳಿದ್ದಳು. ಅಷ್ಟರಲ್ಲಿ ಅವಳು ಅಣ್ಣನ ಮನೆಯ ಗೃಹಪ್ರವೇಶಕ್ಕೆಂದು ರಜೆ ಹಾಕಿ ಊರಿಗೆ ಹೋದಳು.

ಆ ವಾರ ಮಲ್ಲಮ್ಮ ಮಗಳನ್ನು ಎತ್ತಿಕೊಂಡೇ ಬಂದಳು. ಎದುರಿನ ಬಾಗಿಲಿಗೆ ಬೀಗ ನೋಡಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಬೇರೆ ದಾರಿಯಿಲ್ಲದೆ ನನ್ನ ಕೋಣೆಗೆ ಬಂದಳು. ವಿಮಲಾ ಮೇಡಮ್ಮರು ಎಂದು ಬರ್ತಾರ್ರಿ ಎಂಬುದೇ ಅವಳ ಮೊದಲ ಮಾತು. ನೋವು ಮೊಣಕಾಲಿನಿಂದ ಹಿಮ್ಮಡಿಯ ಗಂಟಿಗೆ, ಅಲ್ಲಿಂದ ಮುಂಗೈಗೆ ಹೋಗಿತ್ತು. ಒಂದು ಕಡೆ ಇಳಿದರೆ ಇನ್ನೊಂದು ಕಡೆ ಏಳುತ್ತಿತ್ತು. ಜ್ವರವೂ ಇತ್ತು. ಇದು ಬೆಳೆಯುವ ಮಕ್ಕಳ ನೋವಲ್ಲ ಎಂದು ನನಗೆ ಕುಳಿತಲ್ಲೇ ಗೊತ್ತಾಯಿತು. ವಿಮಲಾ ತಪ್ಪಿದ್ದಾಳೆ ಎಂಬುದೂ ಗೊತ್ತಾಯಿತು.

ನಾನು ಸ್ಟೆತಾಸ್ಕೋಪನ್ನು ಭಾಗ್ಯಳ ಎದೆಯ ಎಡಭಾಗಕ್ಕೆ ಇಟ್ಟೆ. ಫ್ಯಾನ್ ಆರಿಸಲು ಹೇಳಿದೆ. ಹುಡುಗಿಯನ್ನು ಎಡಕ್ಕೆ ಹೊರಳಿಸಿ ಮತ್ತೆ ಕೇಳಿದೆ. ಹೃದಯದ ಮೊದಲ ಬಡಿತದ ಬೆನ್ನಿಗೇ ಒಂದು ಸಣ್ಣ ಊದುವ ಸದ್ದು, ಕಂಕುಳಿನ ಕಡೆಗೆ ಸರಿಯುತ್ತಿತ್ತು. ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುವ ಸದ್ದು. ಆ ಗಂಟಲಿನ ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ, ಹೃದಯಕ್ಕೆ ತಗುಲಿದೆ. ಇಷ್ಟು ಸಣ್ಣ ಮರ್ಮರನ್ನು ಆ ಆಸ್ಪತ್ರೆಯಲ್ಲಿ ಇನ್ಯಾರೂ ಹಿಡಿಯುತ್ತಿರಲಿಲ್ಲ. ಆ ಗಳಿಗೆಯಲ್ಲಿ ನನಗೆ ಆದದ್ದು ಸಂತೋಷ. ಎಂಟು ವರ್ಷದ ಹುಡುಗಿಯ ಹೃದಯ ಕೆಟ್ಟಿದೆ ಎಂದು ತಿಳಿದು ಸಂತೋಷವಾಯಿತು, ಯಾಕೆಂದರೆ ಅವಳು ವಿಮಲಾಳ ರೋಗಿ. ಮರುಕ್ಷಣ ಹುಡುಗಿ ನನ್ನ ಮುಖ ನೋಡಿ, ನೋವಾಗ್ತದೇನ್ರಿ ಎಂದು ಕೇಳಿದಳು. ಇಲ್ಲ ಪುಟ್ಟಿ ಎಂದೆ. ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ.

ಹೃದಯದ ಒಳಗನ್ನು ಪರದೆಯ ಮೇಲೆ ತೋರಿಸುವ ಎಕೋ ಯಂತ್ರ ಆಗ ನಮ್ಮಲ್ಲಿರಲಿಲ್ಲ. ನಗರದೊಳಗಿನ ಹೃದ್ರೋಗದ ಆಸ್ಪತ್ರೆಗೆ ಕಳಿಸಿದೆ. ನಾನು ಕೇಳಿದ್ದೇ ಸರಿಯೆಂದು ಅಲ್ಲಿಂದ ಉತ್ತರ ಬಂತು. ಭಾಗ್ಯಳನ್ನು ವಾರ್ಡಿಗೆ ಸೇರಿಸಿಕೊಂಡು ಔಷಧಿ ಶುರುಮಾಡಿದೆ. ವಿಮಲಾ ಬರುವ ದಿನಕ್ಕೆ ಕಾದೆ. ಬಂದ ದಿನ, ಸೂಪರಿಂಟೆಂಡೆಂಟರೂ ಇದ್ದ ಮೀಟಿಂಗಿನಲ್ಲಿ, ಕೇಸನ್ನು ಮೊದಲಿಂದ ಕೊನೆಯವರೆಗೆ ವಿವರಿಸಿದೆ. ಎಣ್ಣೆ ತಿಕ್ಕಲು ಹೇಳಿದ್ದನ್ನೂ ಬಿಡಲಿಲ್ಲ. ವಿಮಲಾ ಎದ್ದು ನೇರ ವಾರ್ಡಿಗೆ ಹೋದಳು. ಏನು ಮಾಡುತ್ತಾಳೋ ನೋಡೋಣ ಎಂದು ನಾನೂ ಹಿಂದೆಯೇ ಹೋದೆ.

ಅವಳು ಭಾಗ್ಯಳ ಮಂಚದ ತುದಿಯಲ್ಲಿ ಕುಳಿತು ಮಲ್ಲಮ್ಮನ ಕೈ ಹಿಡಿದುಕೊಂಡಳು.

"ನಂಗೆ ಗೊತ್ತಾಗ್ಲಿಲ್ಲ ಮಲ್ಲಮ್ಮ. ಕಾಲ್ನೋವು ಅಂತ ಸುಮ್ನಾಗ್ಬಿಟ್ಟೆ. ಗಿರಿಜಕ್ಕನಿಗೆ ಗೊತ್ತಾಯ್ತು. ಇನ್ಮೇಲೆ ಇವ್ರು ಹೇಳ್ದಂಗೆ ಕೇಳ್ಬೇಕು, ನೀನೂ ನಾನೂ."

ಮಲ್ಲಮ್ಮ ಅಳತೊಡಗಿದಳು. ಅವಳು ಕೋಪ ಮಾಡಿಕೊಳ್ಳುತ್ತಾಳೆ, ಇನ್ನು ಇವಳ ಬಾಗಿಲಿಗೆ ಹೋಗುವುದಿಲ್ಲ ಎನ್ನುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳು ವಿಮಲಾಳ ಭುಜಕ್ಕೆ ತಲೆಯಾನಿಸಿ ಅತ್ತಳು. ನೀವರೆ ಏನ್ ಮಾಡ್ತೀರ್ರಿ, ನಮ್ಮ ನಸೀಬ ಎಂದಳು. ನಾನು ಮಂಚದ ಈ ಕಡೆ ನಿಂತಿದ್ದೆ. ಕೆಟ್ಟ ಸುದ್ದಿ ತಂದವಳು ನಾನು, ಆದ್ದರಿಂದ ನನ್ನತ್ತ ಯಾರೂ ನೋಡಲಿಲ್ಲ. ತಪ್ಪು ಮಾಡಿದವಳು ಇನ್ನಷ್ಟು ಹತ್ತಿರವಾಗಿದ್ದಳು. ನನ್ನ ಯಜಮಾನರಿಗೆ ಸಂಜೆ ಇದನ್ನು ಹೇಳಿದಾಗ ಅವರು, ಹಾಗಾದರೆ ನೀನೂ ಒಂದು ತಪ್ಪು ಮಾಡಬೇಕಿತ್ತು ಎಂದರು. ಎರಡು ದಿನ ಅವರ ಜೊತೆ ಮಾತಾಡಲಿಲ್ಲ.

ಈ ಕಾಯಿಲೆಯಲ್ಲಿ ಔಷಧಿಗಿಂತ ಆಮೇಲಿನ ಕಾವಲು ದೊಡ್ಡದು. ಗಂಟಲಿಗೆ ಮತ್ತೊಮ್ಮೆ ಅದೇ ಸೋಂಕು ಬಂದರೆ ಕವಾಟ ಇನ್ನಷ್ಟು ಕೆಡುತ್ತದೆ. ಅದನ್ನು ತಡೆಯಲು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ಹುಡುಗಿ ಬೆಳೆದು ದೊಡ್ಡವಳಾಗುವವರೆಗೂ. ಔಷಧಿ ದಪ್ಪ, ಸೂಜಿ ದಪ್ಪ, ಒಂದು ದಿನವೆಲ್ಲ ಸೊಂಟ ಹಿಡಿದುಕೊಳ್ಳುತ್ತದೆ. ಆರಾಮವಾಗಿ ಓಡಾಡಿಕೊಂಡಿರುವ ಮಗುವಿಗೆ ಇದನ್ನು ವರ್ಷಗಟ್ಟಲೆ ಕೊಡಿಸಲು ತಾಯಿಯನ್ನು ಒಪ್ಪಿಸುವುದು ಮರ್ಮರ್ ಹಿಡಿಯುವುದಕ್ಕಿಂತ ಕಷ್ಟ.

ಇಂಜೆಕ್ಷನ್ ನನ್ನ ಕೋಣೆಯಲ್ಲಿ ಆಗುತ್ತಿತ್ತು. ಔಷಧಿ ಒಗ್ಗದೆ ಹೋದರೆ ನೋಡಿಕೊಳ್ಳಲು ನಾನೇ ಇರಬೇಕು ಎಂದು ನಿಯಮ ಮಾಡಿಕೊಂಡಿದ್ದೆ. ಭಾಗ್ಯ ನನ್ನ ಬಾಗಿಲಿಗೆ ಅಳುತ್ತಾ ಬರುತ್ತಿದ್ದಳು, ಮುಗಿದ ಕೂಡಲೇ ಕುಂಟುತ್ತಾ ಎದುರಿನ ಕೋಣೆಗೆ ಹೋಗುತ್ತಿದ್ದಳು. ಅಲ್ಲಿಂದ ಅವಳ ನಗು ಕೇಳಿಸುತ್ತಿತ್ತು. ವಿಮಲಾ ಅವಳಿಗೆ ಏನು ಕೊಡುತ್ತಾಳೆ ಎಂದು ನರ್ಸನ್ನು ಕೇಳಿದೆ. ಏನೂ ಕೊಡಲ್ಲ ಮೇಡಂ, ಶಾಲೆ ಸುದ್ದಿ ಕೇಳ್ತಾರೆ ಎಂದಳು. ನಾನು ಯಶವಂತಪುರದಲ್ಲಿ ಒಂದು ಒಳ್ಳೆಯ ಬೊಂಬೆ ಕೊಂಡು ತಂದೆ, ಕಣ್ಣು ಮುಚ್ಚಿ ತೆರೆಯುವಂಥದ್ದು. ಮುಂದಿನ ಇಂಜೆಕ್ಷನ್ ಆದಮೇಲೆ ಕೊಟ್ಟೆ. ಭಾಗ್ಯಳ ಮುಖ ಅರಳಿತು. ಬೊಂಬೆಯನ್ನು ಎದೆಗೊತ್ತಿಕೊಂಡು ಸೊಂಟದ ನೋವನ್ನೂ ಮರೆತು ಓಡಿದಳು, ವಿಮಲಾಗೆ ತೋರಿಸಲು.

ಹೀಗೆ ಎರಡು ವರ್ಷ ಕಳೆಯಿತು. ಆಮೇಲೆ ಭಾಗ್ಯ ಒಂದು ಸಲ ಬರಲಿಲ್ಲ, ಮತ್ತೊಂದು ಸಲವೂ ಬರಲಿಲ್ಲ, ಹಾಗೇ ಕೆಲವು ತಿಂಗಳಾಯಿತು. ಮಲ್ಲಮ್ಮ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಕೆಲಸ ಬದಲಿಸಿ ಅಲ್ಲೇ ಮನೆ ಮಾಡಿದ್ದಾಳೆಂದು ಲಗ್ಗೆರೆಯವರು ಹೇಳಿದರು. ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಅಲ್ಲೇ ಎಲ್ಲಾದರೂ ಹಾಕಿಸುತ್ತಿರಬಹುದು ಎಂದು ನಾನು ಸುಮ್ಮನಾದೆ. ವಿಮಲಾ ಸುಮ್ಮನಾಗಲಿಲ್ಲ. ಒಂದು ಭಾನುವಾರ ಬಸ್ ಹಿಡಿದು ಬೊಮ್ಮನಹಳ್ಳಿಗೆ ಹೋಗಿ, ಗಾರ್ಮೆಂಟ್ಸಿನ ಹೆಂಗಸರನ್ನು ಕೇಳುತ್ತಾ ಮನೆ ಹುಡುಕಿದಳು. ಸೋಮವಾರ ತಾಯಿ ಮಗಳಿಬ್ಬರನ್ನೂ ಕರೆತಂದು ನನ್ನ ಕೋಣೆಯಲ್ಲಿ ಕೂರಿಸಿದಳು.

"ನೀವೇ ನೋಡ್ಬೇಕು ಗಿರಿಜಕ್ಕ. ನಂಗೆ ಧೈರ್ಯ ಸಾಲ್ತಿಲ್ಲ" ಎಂದಳು.

ಭಾಗ್ಯ ಕುರ್ಚಿಯಲ್ಲಿ ಕುಳಿತಲ್ಲಿ ಕೂರಲಾರದೆ ಇದ್ದಳು. ಭುಜ ತಟ್ಟನೆ ಮೇಲೇಳುತ್ತಿತ್ತು, ಬೆರಳುಗಳು ತಮ್ಮಷ್ಟಕ್ಕೆ ಆಡುತ್ತಿದ್ದವು, ಮುಖ ಸೊಟ್ಟಗಾಗಿ ಮತ್ತೆ ಸರಿಹೋಗುತ್ತಿತ್ತು. ಕೈಯಾಗಿನ ತಾಟು ಬಿದ್ದ ಬಿಡ್ತದ್ರಿ, ಅಕ್ಷರ ಕಾಗಿ ಕಾಲಿನಂಗ ಆಗ್ಯಾವ ಎಂದಳು ಮಲ್ಲಮ್ಮ. ಅಣಕಿಸುತ್ತಾಳೆ ಎಂದು ಹೊಸ ಶಾಲೆಯ ಟೀಚರು ಹೊಡೆದು ತರಗತಿಯ ಹೊರಗೆ ನಿಲ್ಲಿಸುತ್ತಿದ್ದರಂತೆ. ವಠಾರದವರು ಗಾಳಿ ಸೋಕಿದೆ ಎಂದಿದ್ದರು. ಹುಡುಗಿಯ ತೋಳಿನಲ್ಲಿ ಮೂರು ತಾಯಿತಗಳಿದ್ದವು. ಅವಳು ತಲೆಯೆತ್ತಲಿಲ್ಲ. ತಾನು ಬೇಕೆಂದು ಮಾಡುತ್ತಿಲ್ಲ ಎಂದು ಹೇಳಿ ಹೇಳಿ ಸಾಕಾಗಿತ್ತೇನೋ.

ನನ್ನ ಎರಡು ಬೆರಳನ್ನು ಮುಂದೆ ಮಾಡಿ, ಗಟ್ಟಿಯಾಗಿ ಹಿಡಿದುಕೋ, ಬಿಡಬೇಡ ಎಂದೆ. ಹಿಡಿದಳು. ಹಿಡಿತ ಬಿಗಿಯಾಗಿ, ಸಡಿಲಾಗಿ, ಮತ್ತೆ ಬಿಗಿಯಾಗಿ, ಹಸುವಿನ ಹಾಲು ಕರೆಯುವಂತೆ ನಡೆಯಿತು. ಕೊರಿಯಾ, ಕೈಕಾಲು ತಮ್ಮಷ್ಟಕ್ಕೆ ಕುಣಿಯುವ ಕಾಯಿಲೆ. ಇದೂ ಅದೇ ಗಂಟಲಿನ ಸೋಂಕಿನ ಮಗಳು; ಜ್ವರ ಇಳಿದು ತಿಂಗಳುಗಳಾದ ಮೇಲೆ, ಎಲ್ಲರೂ ಮರೆತ ಮೇಲೆ ಬರುತ್ತದೆ. ಇಂಜೆಕ್ಷನ್ ತಪ್ಪಿದ ತಿಂಗಳುಗಳಲ್ಲಿ ಸೋಂಕು ಮತ್ತೆ ಬಂದುಹೋಗಿತ್ತು. ಇದು ಗಾಳಿಯಲ್ಲ, ತುಂಟತನವಲ್ಲ, ಕಾಯಿಲೆ, ಕೆಲವು ತಿಂಗಳಲ್ಲಿ ನಿಲ್ಲುತ್ತದೆ ಎಂದೆ. ಭಾಗ್ಯ ಆಗ ತಲೆಯೆತ್ತಿದಳು. ಎದೆಯನ್ನೂ ಕೇಳಿದೆ. ಸೋರುವ ಸದ್ದು ತುಸು ಹೆಚ್ಚಾಗಿತ್ತು. ಈ ಸಲ ನನಗೆ ಸಂತೋಷವಾಗಲಿಲ್ಲ.

ಭಾಗ್ಯ ಮನೆಗೆ ಹೋದ ಮೇಲೆ ನಾನೂ ವಿಮಲಾಳೂ ಅವಳ ಶಾಲೆಗೆ ಹೋದೆವು. ಟೀಚರು ಚಿಕ್ಕ ವಯಸ್ಸಿನವರು. ಕಾಯಿಲೆಯೆಂದು ತಿಳಿದಾಗ ಅವರ ಕಣ್ಣಲ್ಲಿ ನೀರು ಬಂತು. ಭಾಗ್ಯಳನ್ನು ತಮ್ಮ ಮೇಜಿನ ಪಕ್ಕವೇ ಕೂರಿಸಿಕೊಳ್ಳುವುದಾಗಿ ಹೇಳಿದರು. ವಾಪಸ್ ಬರುವಾಗ ಹೊಸೂರು ರಸ್ತೆಯಲ್ಲಿ ಆಟೋ ಲಾರಿಗಳ ನಡುವೆ ಸಿಕ್ಕಿಕೊಂಡಿತು. ಅಷ್ಟು ವರ್ಷ ಒಳಗೆ ಕುದಿಯುತ್ತಿದ್ದುದನ್ನು ನಾನು ಅವತ್ತು ಕೇಳಿಯೇಬಿಟ್ಟೆ.

"ಎಲ್ಲರೂ ನಿನ್ನ ಹತ್ತಿರವೇ ಯಾಕೆ ಬರ್ತಾರೆ ವಿಮಲಾ?"

"ಅವ್ರ ಮಾತು ಮುಗಿಯೋಗಂಟ ನಾನು ಕಾಯ್ತೀನಿ ಅಷ್ಟೆ. ನೀವು ಬಂದೋರ ಎದೆಗೆ ಟ್ಯೂಬ್ ಇಟ್ಬಿಡ್ತೀರ. ಅದು ಕಿವೀಲಿದ್ರೆ ತಾಯಿ ಹೇಳೋದು ಎಲ್ಲಿ ಕೇಳ್ಸುತ್ತೆ ಅಕ್ಕ?"

ಸಿಟ್ಟು ಬಂತು, ಅದು ನಿಜವಾಗಿದ್ದರಿಂದ ಇನ್ನಷ್ಟು ಬಂತು. ಮಾರನೆಯ ದಿನದಿಂದ ಸ್ಟೆತಾಸ್ಕೋಪನ್ನು ಕೊರಳಿಗೆ ಹಾಕಿಕೊಳ್ಳುವುದು ಬಿಟ್ಟು ಡ್ರಾಯರಿನಲ್ಲಿಟ್ಟೆ. ತಾಯಿ ಮಾತು ಮುಗಿಸಿದ ಮೇಲೆ ತೆಗೆಯುವುದೆಂದು ಪ್ರಯತ್ನಪಟ್ಟೆ. ನನ್ನ ಬಾಗಿಲಲ್ಲಿ ಜನ ಸ್ವಲ್ಪ ಹೆಚ್ಚಾದರು. ಅವಳ ಬಾಗಿಲಲ್ಲಿ ಕಡಿಮೆಯೇನೂ ಆಗಲಿಲ್ಲ.

ಈಗ ಕೆಲಸದ ಬಗೆ ಬದಲಾಗಿದೆ. ಗಂಟಲಿನಿಂದ ಹತ್ತಿಯಲ್ಲಿ ಒರೆಸಿ ತೆಗೆದರೆ ಕೆಲವೇ ನಿಮಿಷಗಳಲ್ಲಿ ಸೋಂಕು ಇದೆಯೋ ಇಲ್ಲವೋ ಹೇಳುವ ಪರೀಕ್ಷೆ ಬಂದಿದೆ. ನಾನು ಉಸಿರು ಬಿಗಿಹಿಡಿದು ಕೇಳುತ್ತಿದ್ದ ಸೋರಿಕೆಯನ್ನು ಎಕೋ ಯಂತ್ರ ಬಣ್ಣದಲ್ಲಿ ತೋರಿಸುತ್ತದೆ. ಇದರ ಮೇಲೂ ನನಗೆ ಅಸೂಯೆಯೇ. ನಿಮ್ಮಲ್ಲಿ ಎಷ್ಟೋ ಜನ ಎಕೋ ಬರೆದು ಕಳಿಸಿಬಿಡುತ್ತೀರಿ, ಕಿವಿಯಿಟ್ಟು ಕೇಳುವುದೇ ಇಲ್ಲ. ಯಂತ್ರ ಇಲ್ಲದ ಕಡೆ ಏನು ಮಾಡುತ್ತೀರಿ?

ನಿವೃತ್ತಿಯ ನಂತರ ವೈಟ್‌ಫೀಲ್ಡಿನ ಒಂದು ಕ್ಲಿನಿಕ್ಕಿನಲ್ಲಿ ವಾರಕ್ಕೆರಡು ದಿನ ಕೂರುತ್ತಿದ್ದೆ. ಅಲ್ಲಿ ಬೇರೆಯೇ ಲೋಕ. ಒಂದು ಮಗುವಿಗೆ ಸ್ಕಾರ್ಲೆಟ್ ಜ್ವರ ಎಂದು ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಬಂದರೆ ಸಂಜೆಯ ಹೊತ್ತಿಗೆ ಇಡೀ ಅಪಾರ್ಟ್‌ಮೆಂಟೇ ಕ್ಲಿನಿಕ್ಕಿನಲ್ಲಿರುತ್ತಿತ್ತು. ಕಲಬುರಗಿ ಮೂಲದ ಒಬ್ಬ ತಾಯಿ, ಸಾಫ್ಟ್‌ವೇರಿನವಳು, ಮಗನ ಬೆರಳ ತುದಿ ಸುಲಿಯುತ್ತಿದೆ, ಹೃದಯ ಹೋಗುತ್ತಾ ಮೇಡಂ ಎಂದು ನಡುಗುತ್ತಿದ್ದಳು. ಮಾತ್ರೆಯನ್ನು ಹೇಳಿದಷ್ಟು ದಿನವೂ ಕೊಟ್ಟಿದ್ದಳು. ಹಾಗೆ ಸರಿಯಾದ ಹೊತ್ತಿಗೆ ಔಷಧಿ ಪೂರ್ತಿ ತೆಗೆದುಕೊಂಡ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಏನೂ ಆಗದೆ ಗುಣವಾಗುತ್ತಾರೆ, ಸಿಪ್ಪೆ ಸುಲಿಯುವುದು ಕಾಯಿಲೆ ಹೋಗುವ ಲಕ್ಷಣ, ಇನ್ನು ಕೆಲವು ವಾರ ಮೂತ್ರದ ಬಣ್ಣ, ಮುಖದ ಊತ, ಕೀಲುನೋವು ಗಮನಿಸಿದರೆ ಸಾಕು ಎಂದೆ. ಭಯಪಡುವವರಿಗೆ ಸಮಾಧಾನ ಹೇಳುವುದು, ಭಯವೇ ಇಲ್ಲದವರಿಗೆ ಎಚ್ಚರಿಕೆ ಹೇಳುವುದು, ಎರಡನ್ನೂ ಒಂದೇ ದಿನ ಮಾಡಬೇಕಾಗಿ ಬರುತ್ತದೆ ನಿಮಗೆ.

ಭಾಗ್ಯಳ ಕೈಕಾಲಿನ ಆಟ ನಾವು ಅವಳ ಶಾಲೆಗೆ ಹೋಗಿಬಂದ ವರ್ಷವೇ ನಿಂತಿತ್ತು. ಇಂಜೆಕ್ಷನ್ನನ್ನು ಬೊಮ್ಮನಹಳ್ಳಿಯಲ್ಲೇ ಹಾಕಿಸಲು ವಿಮಲಾ ಏರ್ಪಾಡು ಮಾಡಿದ್ದಳು, ವರ್ಷಕ್ಕೊಮ್ಮೆ ಎದೆ ಕೇಳಿಸಲು ನನ್ನ ಹತ್ತಿರ ಕಳಿಸುತ್ತಿದ್ದಳು. ಹುಡುಗಿ ಪಿಯುಸಿ ಮುಗಿಸಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬಿಡಿಭಾಗ ಜೋಡಿಸುವ ಕೆಲಸಕ್ಕೆ ಸೇರಿದಳು, ಜೊತೆಯಲ್ಲಿ ಕೆಲಸ ಮಾಡುತ್ತಿದ್ದವನನ್ನು ಮದುವೆಯಾದಳು. ಮದುವೆಯಲ್ಲಿ ವಿಮಲಾ ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ನನಗೆ ಅವಳ ಪಕ್ಕದಲ್ಲಿ ಜಾಗ ಸಿಕ್ಕಿತು.

ಮದುವೆಯಾದ ಮಾರನೆಯ ವರ್ಷ ಒಂದು ಶನಿವಾರ ಭಾಗ್ಯ ನಮ್ಮ ಫ್ಲಾಟಿಗೆ ಬಂದಳು, ಒಬ್ಬಳೇ. ಮಗು ಬೇಕೆಂದು ಮನೆಯಲ್ಲಿ ಒತ್ತಾಯ ಶುರುವಾಗಿದೆ ಎಂದಳು. ತನ್ನ ಹೃದಯದ ವಿಷಯ ಗಂಡನಿಗೂ ಅತ್ತೆಗೂ ಹೇಳಿಲ್ಲ. ಗೊತ್ತಾಗಬಾರದೆಂದು ಮದುವೆಯಾದ ದಿನದಿಂದ ಇಂಜೆಕ್ಷನ್ ನಿಲ್ಲಿಸಿದ್ದಾಳೆ. ವಿಮಲಾಗೆ ಹೇಳಿದೆಯಾ ಎಂದು ಕೇಳಿದೆ.

"ಇಲ್ಲ ಮೇಡಂ. ಅವ್ರಿಗೆ ಹೇಳಿದ್ರೆ ಅತ್ಬಿಡ್ತಾರೆ. ಅವ್ರು ಅತ್ರೆ ನನ್ಗೆ ತಡ್ಕೊಳ್ಳಕ್ಕಾಗಲ್ಲ. ನೀವಾದ್ರೆ ಇರೋದನ್ನ ಇದ್ದಂಗೆ ಹೇಳ್ತೀರ."

ಎಷ್ಟೋ ವರ್ಷ ನಾನು ಕಾದಿದ್ದ ಮಾತು ಅದು. ವಿಮಲಾಳ ಮಗು ಎದುರಿನ ಬಾಗಿಲು ಬಿಟ್ಟು ನನ್ನ ಬಾಗಿಲಿಗೆ ಬಂದಿತ್ತು. ಆದರೆ ಬಂದ ಕಾರಣ ಕೇಳಿ. ಕೆಟ್ಟ ಸುದ್ದಿಯಿದ್ದರೆ ಅದನ್ನು ವಿಮಲಾ ಕೇಳಬಾರದು, ಅವಳಿಗೆ ನೋವಾಗಬಾರದು, ನಾನಾದರೆ ಪರವಾಗಿಲ್ಲ. ನನ್ನ ಗೆಲುವಿನಲ್ಲೂ ಅವಳೇ ಗೆದ್ದಳು.

ಎದೆ ಕೇಳಿದೆ. ಸದ್ದು ಅಷ್ಟೇ ಇತ್ತು, ಹೆಚ್ಚಿದಂತೆ ಕಾಣಲಿಲ್ಲ. ಆದರೆ ನನ್ನ ಕಿವಿಯನ್ನು ನಾನೇ ನಂಬುವ ವಯಸ್ಸು ದಾಟಿದೆ. ಇದ್ದದ್ದನ್ನು ಇದ್ದಂತೆ ಹೇಳಿದೆ: ಮೊದಲು ಎಕೋ ಆಗಬೇಕು. ಕವಾಟ ಕಿರಿದಾಗಿದ್ದರೆ ಬಸುರು ಅಪಾಯ, ಬರೀ ಸೋರಿಕೆ ಸ್ವಲ್ಪವಿದ್ದರೆ ಹೃದಯ ವೈದ್ಯರ ಕಣ್ಗಾವಲಿನಲ್ಲಿ ಹೆರಬಹುದು. ಇಂಜೆಕ್ಷನ್ ಈ ವಾರವೇ ಮತ್ತೆ ಶುರುವಾಗಬೇಕು. ಗಂಡನಿಗೆ ನೀನೇ ಹೇಳಬೇಕು, ನಾನು ಹೇಳುವುದಿಲ್ಲ. ಅವಳು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ನಾನು ಮಾತಾಡದೆ ಕಾದೆ. ಬಿಟ್ಟುಹೋದ್ರೆ ಎಂದಳು ಕೊನೆಗೆ. ಬಿಟ್ಟುಹೋಗುವವನಾದರೆ ಮಗು ಹುಟ್ಟುವ ಮೊದಲೇ ಗೊತ್ತಾಗಲಿ ಎಂದೆ. ವಿಮಲಾ ಆಗಿದ್ದರೆ ಇದನ್ನು ಇನ್ನೂ ಮೃದುವಾಗಿ ಹೇಳುತ್ತಿದ್ದಳು.

ಮುಂದಿನ ಶನಿವಾರ ಗಂಡನನ್ನು ಕರೆದುಕೊಂಡೇ ಬಂದಳು. ಸಣಕಲು ಹುಡುಗ, ಕಣ್ಣು ಕೆಂಪಾಗಿತ್ತು. ಮೊದಲೇ ಹೇಳಿದ್ರೆ ಇಂಜೆಕ್ಷನ್‌ಗೆ ನಾನೇ ಗಾಡೀಲಿ ಕರ್ಕೊಂಡು ಹೋಗ್ತಿದ್ನಲ್ಲ ಮೇಡಂ ಎಂದನೇ ಹೊರತು ಬೇರೇನೂ ಅನ್ನಲಿಲ್ಲ. ಎಕೋದಲ್ಲಿ ಸೋರಿಕೆ ಸ್ವಲ್ಪವೇ ಇತ್ತು, ಕವಾಟ ಕಿರಿದಾಗಿರಲಿಲ್ಲ. ಹೃದಯ ವೈದ್ಯರು ಒಪ್ಪಿಗೆ ಕೊಟ್ಟರು. ಬಸುರಿನುದ್ದಕ್ಕೂ ಇಂಜೆಕ್ಷನ್ ತಪ್ಪಲಿಲ್ಲ. ಪ್ರತಿ ತಿಂಗಳೂ ಭಾಗ್ಯ ನನಗೆ ಫೋನ್ ಮಾಡಿ ಉಸಿರಾಟ, ಕಾಲೂತ ಎಲ್ಲ ಹೇಳುತ್ತಿದ್ದಳು. ಆ ಒಂಬತ್ತು ತಿಂಗಳು ಅವಳು ನನ್ನವಳಾಗಿದ್ದಳು.

ಹೆರಿಗೆಯಾದ ಸುದ್ದಿ ನನಗೆ ತಿಳಿಸಿದ್ದು ವಿಮಲಾ. ಹೆಣ್ಣು ಮಗು ಗಿರಿಜಕ್ಕ, ತಾಯಿ ಮಗು ಇಬ್ಬರೂ ಆರಾಮು, ಭಾಗ್ಯ ಈಗ ತಾನೇ ಫೋನ್ ಮಾಡಿದ್ಲು ಎಂದಳು. ಒಳ್ಳೆಯದಾಯಿತು ಎಂದು ಫೋನಿಟ್ಟೆ. ನನ್ನ ಫೋನಿನಲ್ಲಿ ತಪ್ಪಿದ ಕರೆ ಏನಾದರೂ ಇದೆಯೇ ಎಂದು ನೋಡಿದೆ. ಇರಲಿಲ್ಲ.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ವಿಮಲಾ ಆಗಲೇ ಬಂದು ಮಂಚದ ಪಕ್ಕ ಕುಳಿತಿದ್ದಳು, ಮಗು ಅವಳ ತೊಡೆಯ ಮೇಲಿತ್ತು. ಭಾಗ್ಯ ನನ್ನನ್ನು ಕಂಡು ನಕ್ಕು, ಸುಸ್ತಾಗಿ ಮತ್ತೆ ಕಣ್ಣು ಮುಚ್ಚಿದಳು. ಮಲ್ಲಮ್ಮನಿಗೆ ಕೂದಲೆಲ್ಲ ಬೆಳ್ಳಗಾಗಿತ್ತು. ಬೀಗಿತ್ತಿಗೆ ನಮ್ಮಿಬ್ಬರನ್ನೂ ಪರಿಚಯಿಸಲು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಇವರು ವಿಮಲಾ ಮೇಡಮ್ಮರು, ನಮ್ಮ ಭಾಗ್ಯಾಗ ಬೆಳೆಸಿದವರು. ಇವರು ಗಿರಿಜಾ ಮೇಡಮ್ಮರು, ಉಳಿಸಿದವರು."

ಬೀಗಿತ್ತಿ ಬಂದು ನನ್ನ ಕಾಲು ಮುಟ್ಟಿದರು. ನಾನು ಅವರನ್ನು ಎಬ್ಬಿಸುತ್ತಾ ಆಚೆ ನೋಡಿದೆ. ಮಗು ಎಚ್ಚರವಾಗಿತ್ತು. ವಿಮಲಾ ಅದರ ಮುಖಕ್ಕೆ ಬಾಗಿ ಮೆಲ್ಲಗೆ ಏನೋ ಹೇಳುತ್ತಿದ್ದಳು, ಅದು ಅವಳ ಬೆರಳನ್ನು ಹಿಡಿದುಕೊಂಡಿತ್ತು.